ಜೀರ್ಣೋದ್ಧಾರಧರ್ಮ

ಕೆರೆ, ಬಾವಿ, ಅರವಟ್ಟಿಗೆ, ಅನ್ನಸತ್ರ, ಸಾಲುಮರ ಮೊದಲಾದವನ್ನು ಲೋಕೋಪಯೋಗಕ್ಕಾಗಿ ಮಾಡಿಸುವ ಕಾರ್ಯವನ್ನು ಧರ್ಮಶಾಸ್ತ್ರಕಾರರು ಪೂರ್ತವೆಂದು ಕರೆದರು. ಯಜ್ಞಯಾಗಾದಿಗಳಲ್ಲಿ ಅಧಿಕಾರವಿಲ್ಲದವರಿಗೂ ಪೂರ್ತದಲ್ಲಿ ಅಧಿಕಾರವುಂಟೆಂದು ಹೇಳಿ, ಈ ಧರ್ಮದ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟರು. ಅದರಲ್ಲಿಯೂ ತಾನು ಕೊಡುವುದಕ್ಕಿಂತ ಪರರು ಕೊಟ್ಟುದನ್ನು ಕಾಪಾಡುವುದು ಇಮ್ಮಡಿ ಫಲದಾಯಕವೆಂಬ ಅಭಿಪ್ರಾಯವು ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ ಮರಳಿ ಮರಳಿ ಬರುವುದನ್ನು ವಾಚಕರು ಬಲ್ಲರು. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ವರ್ಷವರ್ಷವೂ ಹೂಳೆತ್ತಿ, ಏರಿಯ ಬಿರುಕನ್ನು ಮುಚ್ಚಿದವನ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಫಲದಲ್ಲಿ ಹಿರಿದಾದುದು ಕೀರ್ತಿಯಲ್ಲಿ ಕಿರಿದಾಗಿರುವ ಕಾರಣದಿಂದಲೇ ಶಾಸನಕಾರರು ಆ ಮಾತನ್ನು ಅಷ್ಟು ಬಿಡದೆ ಹೇಳಿರಬೇಕು.

ಇಲ್ಲಿ ವಿಚಾರಾರ್ಹವಾದ ಪ್ರಶ್ನೆಗಳು ಎರಡುಂಟು. ಎಲ್ಲರಿಗೂ ಸೇರಿದ ವಸ್ತುವು ಜೀರ್ಣವಾಗುತ್ತ ಬಂದಾಗ, ಪ್ರತಿಫಲವನ್ನು ಬಯಸದ ಕೆಲವರು ಅದನ್ನು ಉಳಿಸಲು ದೇಹವನ್ನು ದಂಡಿಸುವುದು ಯುಕ್ತವೇ, ಅಥವಾ ಕಾಲವು ಕೊಂಡೊಯ್ಯುವುದನ್ನು ಕಾಲಕ್ಕೇ ಬಿಡುವುದು ವಿವೇಕವೇ ಎಂಬುದು ಮೊದಲನೆಯದು. ಉಳಿಸತಕ್ಕದ್ದೆಂದಾದರೆ, ಆ ವಸ್ತುವಿನಲ್ಲಿ ಉಳಿಸತಕ್ಕದ್ದು ಯಾವುದು ಎಂಬುದು ಎರಡನೆಯದು. ಕೆರೆ ಬಾವಿಗಳ ವಿಷಯದಲ್ಲಿ ಈ ವಿಚಾರವು ಹಳೆಯದು. ಆದರೆ ಪ್ರಾಚೀನರು ಕನಸಿನಲ್ಲಿಯೂ ಕಾಣದಿದ್ದ ಒಂದು ಬಗೆಯ ಸತ್ರದ ವಿಷಯದಲ್ಲಿ ಇದೇ ಪ್ರಶ್ನೆಗಳು ಪಾಶ್ಚಾತ್ಯ ದೇಶಗಳಲ್ಲಿ ಎದ್ದು, ಮೂರು ನಗರಗಳಲ್ಲಿ ಮೂರು ಬಗೆಯ ಉತ್ತರಗಳನ್ನು ಪಡೆದಿವೆ. ಅಲ್ಲಿನ ಸಾರ್ವಜನಿಕ ಗಣಕಯಂತ್ರಜಾಲಗಳ ವೃತ್ತಾಂತವು ಈ ಧರ್ಮಸೂಕ್ಷ್ಮವನ್ನು ಕಣ್ಣಿಗೆ ಕಟ್ಟಿದಂತೆ ತೋರಿಸುವುದರಿಂದ ಅದನ್ನು ಮೊದಲು ನೋಡತಕ್ಕದ್ದು.

ಇಂಟರ್‌ನೆಟ್ಟು ಮನೆಮನೆಗೆ ಬರುವುದಕ್ಕೆ ಮುಂಚೆ, ಕಂಪ್ಯೂಟರನ್ನುಳ್ಳ ಗೃಹಸ್ಥನು ಮೋಡೆಮ್ ಎಂಬ ಚಿಕ್ಕ ಪೆಟ್ಟಿಗೆಯ ಸಹಾಯದಿಂದ ಅದನ್ನು ಟೆಲಿಫೋನ್ ತಂತಿಗೆ ಸೇರಿಸಿ, ದೂರದ ಮತ್ತೊಂದು ಕಂಪ್ಯೂಟರನ್ನು ಕರೆಯಬಹುದಾಗಿತ್ತು. ಕರೆ ಕೂಡಿದೊಡನೆ ತೆರೆಯ ಮೇಲೆ ಬರಿಯ ಅಕ್ಷರಗಳು ಮೂಡುವುವು, ಚಿತ್ರವಿಲ್ಲ, ಧ್ವನಿಯಿಲ್ಲ. ಒಂದು ತಂತಿಯಲ್ಲಿ ಒಮ್ಮೆಗೆ ಒಬ್ಬನಿಗೆ ಮಾತ್ರ ಪ್ರವೇಶ. 1984ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಓಹಾಯೋ ಪ್ರಾಂತದ ಕ್ಲೀವ್‌ಲೆಂಡ್ ನಗರದಲ್ಲಿ, ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದ ಟಾಮ್ ಗ್ರಂಡ್ನರ್ ಎಂಬ ಅಧ್ಯಾಪಕರು ಇಂಥ ಒಂದೇ ತಂತಿಯ ವ್ಯವಸ್ಥೆಯನ್ನು ಏರ್ಪಡಿಸಿ, ಅದಕ್ಕೆ ವಿನೋದವಾಗಿ ಸೇಂಟ್ ಸಿಲಿಕಾನ್ ಆಸ್ಪತ್ರೆಯೆಂದು ಹೆಸರಿಟ್ಟರು. ಊರಿನವರು ಯಾರೇ ಆಗಲಿ ತಮ್ಮ ಕಾಯಿಲೆಕಸಾಲೆಯ ಪ್ರಶ್ನೆಯನ್ನು ಅಲ್ಲಿ ಬರೆದಿಟ್ಟರೆ, ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗೆ ವೈದ್ಯರೊಬ್ಬರು ಉತ್ತರವನ್ನು ಬರೆದಿಡುವರು. ಕೇಳಿದವರು ಹಣ ಕೊಡಬೇಕಾಗಿರಲಿಲ್ಲ. ಹೇಳಿದವರು ಹಣ ಪಡೆಯುತ್ತಿರಲಿಲ್ಲ.

ಈ ಚಿಕ್ಕ ಬೀಜದಿಂದ 1986ರಲ್ಲಿ ಕ್ಲೀವ್‌ಲೆಂಡ್ ಫ್ರೀನೆಟ್ ಎಂಬ ಮರವು ಬೆಳೆಯಿತು. ಅದರ ಅನುಕ್ರಮಣಿಕೆಯನ್ನು ಒಂದು ಪಟ್ಟಣದ ರೂಪದಲ್ಲಿ ಕಲ್ಪಿಸಿದ್ದರು: ಇಲ್ಲಿ ಅಂಚೆಮನೆ, ಇಲ್ಲಿ ನ್ಯಾಯಸ್ಥಾನ, ಇಲ್ಲಿ ಪಾಠಶಾಲೆ, ಇಲ್ಲಿ ವೈದ್ಯಶಾಲೆ, ನಡುವೆ ಎಲ್ಲರೂ ಕೂಡಿ ಮಾತನಾಡುವ ಚೌಕ. ಒಂದೊಂದು ಕಟ್ಟಡಕ್ಕೂ ಆಯಾ ವಿಷಯವನ್ನು ಬಲ್ಲ ಸ್ವಯಂಸೇವಕರು ಕಾವಲು. ವಕೀಲನು ತನ್ನ ಕಚೇರಿಯ ಕೆಲಸ ಮುಗಿಸಿ, ಉಪಾಧ್ಯಾಯನು ತನ್ನ ಶಾಲೆಯ ಪುಸ್ತಕಗಳನ್ನು ತಿದ್ದಿಟ್ಟು, ರಾತ್ರಿಯ ಊಟದ ತರುವಾಯ ಅಪರಿಚಿತರ ಪ್ರಶ್ನೆಗಳಿಗೆ ಉತ್ತರ ಬರೆಯಲು ಕುಳಿತುಕೊಳ್ಳುವನು. ಈ ಮಾದರಿಯನ್ನು ಹಲವು ಊರುಗಳು ಅನುಸರಿಸಿದುವು. ಅವುಗಳನ್ನು ಕೂಡಿಸಲು 1989ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆಯೂ ಹುಟ್ಟಿತು.

ಬಳಿಕ ಕಾಲವು ತಿರುಗಿತು. ಚಿತ್ರವನ್ನೂ ಧ್ವನಿಯನ್ನೂ ತೋರಿಸುವ ಇಂಟರ್‌ನೆಟ್ಟನ್ನು ವ್ಯಾಪಾರಿಗಳು ಅಗ್ಗವಾಗಿ ಮಾರತೊಡಗಿದರು. ಬರಿಯ ಅಕ್ಷರಗಳ ಪಟ್ಟಣವು ಜನರ ಕಣ್ಣಿಗೆ ಮಂಕಾಯಿತು. 1996ರಲ್ಲಿ ಆ ರಾಷ್ಟ್ರೀಯ ಸಂಸ್ಥೆಯು ದಿವಾಳಿಯಾಯಿತು. 1999ರ ಸೆಪ್ಟೆಂಬರ್ ತಿಂಗಳ ಕೊನೆಗೆ ಕ್ಲೀವ್‌ಲೆಂಡ್ ಫ್ರೀನೆಟ್ಟನ್ನೇ ಮುಚ್ಚಲಾಯಿತು. ಅದರ ಹಳೆಯ ಕ್ರಮವಿಧಿಗಳು 2000ನೆಯ ವರ್ಷದ ತಾರೀಖನ್ನು ಸರಿಯಾಗಿ ಗ್ರಹಿಸಲಾರವೆಂಬುದು ಹೊರಗೆ ಹೇಳಿದ ಕಾರಣ. ಕಾರಣವು ಸುಳ್ಳಾಗಿರಬೇಕಾಗಿಲ್ಲ. ಆದರೆ ಅದನ್ನು ತೂಗಿ ನೋಡಿ ನಿರ್ಣಯಿಸುವ ಅಧಿಕಾರವು, ಹದಿಮೂರು ವರ್ಷ ಅಲ್ಲಿ ದೀಪ ಹಚ್ಚಿದವರ ಕೈಯಲ್ಲಿರಲಿಲ್ಲ. ಯಂತ್ರವು ವಿಶ್ವವಿದ್ಯಾನಿಲಯದ್ದು, ಆದಕಾರಣ ನಿರ್ಣಯವೂ ಅದರದ್ದೇ ಆಯಿತು.

ಇಲ್ಲಿ ಶಾಸ್ತ್ರದ ಒಂದು ಸೂಕ್ಷ್ಮವು ನೆನಪಿಗೆ ಬರುತ್ತದೆ. ದಾನಕ್ಕೂ ಉತ್ಸರ್ಗಕ್ಕೂ ಭೇದವುಂಟು. ದಾನದಲ್ಲಿ ಕೊಡುವವನೊಬ್ಬ, ಪ್ರತಿಗ್ರಹಿಸುವವನೊಬ್ಬ. ಸ್ವತ್ವವು ಒಂದು ಕೈಯಿಂದ ಮತ್ತೊಂದು ಕೈಗೆ ಹೋಗುತ್ತದೆ. ಉತ್ಸರ್ಗದಲ್ಲಾದರೋ ಕೆರೆಯನ್ನು ತೋಡಿಸಿದವನು ವಿಧಿಪೂರ್ವಕವಾಗಿ ಅದನ್ನು ಸಕಲ ಪ್ರಾಣಿಗಳಿಗೂ ಬಿಟ್ಟುಕೊಡುತ್ತಾನೆ. ಆಮೇಲೆ ಅವನೂ ಆ ನೀರನ್ನು ಕುಡಿಯಬಹುದು. ಆದರೆ ಒಡೆಯನಾಗಿ ಕುಡಿಯುವಂತಿಲ್ಲ, ಎಲ್ಲರಲ್ಲಿ ಒಬ್ಬನಾಗಿ ಮಾತ್ರ. ಕ್ಲೀವ್‌ಲೆಂಡಿನ ಕೆರೆಯ ನೀರು ಎಲ್ಲರಿಗೂ ದೊರೆಯುತ್ತಿತ್ತು, ನಿಜ, ಅದು ಉತ್ಸರ್ಗವಾಗಿರಲಿಲ್ಲ. ಒಡೆಯನ ಔದಾರ್ಯದಿಂದ ಹರಿಯುವ ನೀರು, ಒಡೆಯನು ತೂಬನ್ನು ಮುಚ್ಚಿದ ದಿನ ನಿಲ್ಲುತ್ತದೆ. ಇದರಲ್ಲಿ ಒಡೆಯನ ದೋಷವನ್ನು ಹುಡುಕುವುದಕ್ಕಿಂತ, ಅಷ್ಟು ವರ್ಷ ಕುಡಿದವರು ಈ ನೀರು ಯಾರದೆಂದು ಒಮ್ಮೆಯಾದರೂ ಕೇಳಿಕೊಂಡರೇ ಎಂದು ವಿಚಾರಿಸುವುದು ಹೆಚ್ಚು ಪ್ರಯೋಜನಕರವಾದುದು.

ಇದೇ ಕೊರತೆಯು ಹಾಲೆಂಡ್ ದೇಶದ ಆಮ್‌ಸ್ಟರ್‌ಡಾಮ್ ನಗರದಲ್ಲಿ ಇನ್ನೂ ಸ್ಪಷ್ಟವಾಗಿ ಕಂಡುಬಂದಿತು. ಅಲ್ಲಿ 1994ರ ಜನವರಿ 15ರಂದು ಡಿಜಿಟಲ್ ನಗರಿ ಎಂಬ ಅರ್ಥದ ಹೆಸರಿನ ಜಾಲವೊಂದು ತೆರೆಯಿತು. ಆ ವರ್ಷ ನಡೆಯಲಿದ್ದ ಪುರಸಭೆಯ ಚುನಾವಣೆಯ ಕಾಲದಲ್ಲಿ ಪೌರರಿಗೂ ಅಧಿಕಾರಿಗಳಿಗೂ ಸಂಭಾಷಣೆ ನಡೆಯಲೆಂದು ಪುರಸಭೆಯ ಧನಸಹಾಯದಿಂದ ಹತ್ತೇ ವಾರಗಳ ಪ್ರಯೋಗವಾಗಿ ಅದನ್ನು ಆರಂಭಿಸಿದ್ದರು. ಜನರು ಹಿಂಡುಹಿಂಡಾಗಿ ಬಂದರು. ಊರಿನಲ್ಲಿ ಮೋಡೆಮ್‌ಗಳಿಗೆ ಅಭಾವವುಂಟಾಯಿತು. ಹತ್ತು ವಾರಗಳು ಕಳೆದರೂ ನಗರಿಯನ್ನು ಮುಚ್ಚಲು ಯಾರಿಗೂ ಮನಸ್ಸು ಬರಲಿಲ್ಲ. ಅದರಲ್ಲಿ ಚೌಕಗಳಿದ್ದುವು, ಚೌಕಗಳ ಸುತ್ತ ಮನೆಗಳಿದ್ದುವು. ನಿವಾಸಿಗಳು ಒಂದೊಂದು ಮನೆಯನ್ನು ಹಿಡಿದು ಅದನ್ನು ತಮ್ಮ ಬರವಣಿಗೆಯಿಂದ ಅಲಂಕರಿಸಿದರು. ಆದರೆ ನಿವಾಸಿಗಳೆಂಬ ಹೆಸರಿದ್ದಿತೇ ಹೊರತು, ನಗರಿಯ ಆಡಳಿತದಲ್ಲಿ ಅವರಿಗೆ ಮತವಿರಲಿಲ್ಲ. ಧನಸಹಾಯವು ತೀರಿ, ವ್ಯಾಪಾರದ ಸ್ಪರ್ಧೆಯು ಹೆಚ್ಚಿದಾಗ, ಆ ಸಂಸ್ಥೆಯು ಕಂಪೆನಿಯ ರೂಪವನ್ನು ತಾಳಿತು. ಆಗ ಕೆಲವು ನಿವಾಸಿಗಳು ಎಚ್ಚೆತ್ತು, ಸಂಘವನ್ನು ಕಟ್ಟಿ, ಸಾರ್ವಜನಿಕ ಭಾಗವನ್ನಾದರೂ ತಮ್ಮ ವಶಕ್ಕೆ ಪಡೆಯಬೇಕೆಂದು ಬಹಳ ಯತ್ನಿಸಿದರು. ಯತ್ನವು ಫಲಿಸಲಿಲ್ಲ. ಶ್ರದ್ಧೆಯಲ್ಲಿ ಅವರಿಗೆ ಕಡಮೆಯಿರಲಿಲ್ಲ. ಆದರೆ ಮನೆ ಹತ್ತಿಕೊಂಡ ಮೇಲೆ ಬಾವಿ ತೋಡಲು ಹೊರಟಂತಾಯಿತು.

ಇನ್ನು ಮೂರನೆಯ ನಗರವು ಕೆನಡಾ ದೇಶದ ರಾಜಧಾನಿಯಾದ ಒಟ್ಟಾವ. ಅಲ್ಲಿ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದ ಕೆಲವರು ಕ್ಲೀವ್‌ಲೆಂಡಿನ ಮಾದರಿಯನ್ನು ನೋಡಿ, ಅದೇ ಕ್ರಮವಿಧಿಗಳನ್ನು ತರಿಸಿಕೊಂಡು, 1993ರ ಫೆಬ್ರವರಿ 1ರಂದು ನ್ಯಾಷನಲ್ ಕ್ಯಾಪಿಟಲ್ ಫ್ರೀನೆಟ್ ಎಂಬ ಜಾಲವನ್ನು ಇಂಗ್ಲಿಷ್ ಫ್ರೆಂಚ್ ಭಾಷೆಗಳೆರಡರಲ್ಲಿಯೂ ತೆರೆದರು. ಆದರೆ ಒಂದು ಕೆಲಸವನ್ನು ಅವರು ಮೊದಲೇ ಮಾಡಿದರು. ಜಾಲವು ಯಾವ ಇಲಾಖೆಯ ಅಂಗವೂ ಆಗದಂತೆ, ಲಾಭೋದ್ದೇಶವಿಲ್ಲದ ಪ್ರತ್ಯೇಕ ಸಂಸ್ಥೆಯನ್ನು ನೋಂದಾಯಿಸಿ, ಬಳಸುವ ಪ್ರತಿಯೊಬ್ಬನನ್ನೂ ಸದಸ್ಯನನ್ನಾಗಿ ಮಾಡಿದರು. ಆಡಳಿತಮಂಡಲಿಯನ್ನು ಚುನಾಯಿಸತಕ್ಕವರು ಸದಸ್ಯರೇ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಸ್ಥಾಪಕರು ಎಲ್ಲರಲ್ಲಿ ಒಬ್ಬರಾಗಿ ನೀರು ಕುಡಿಯುವ ಸಂಕಲ್ಪವನ್ನು ಮಾಡಿದರು.

ಹೀಗೆಂದ ಮಾತ್ರಕ್ಕೆ ಅವರ ದಾರಿ ಸುಗಮವಾಯಿತೆಂದು ತಿಳಿಯಬಾರದು. ಸದಸ್ಯತ್ವಕ್ಕೆ ಕಡ್ಡಾಯದ ಶುಲ್ಕವಿರಲಿಲ್ಲ. ಶಕ್ತಿಯುಳ್ಳವರು ಕೊಡಲೆಂದು ಕೇಳಿಕೊಳ್ಳುವುದಷ್ಟೆ. ಸದಸ್ಯರು ಹೆಚ್ಚಿದಂತೆಲ್ಲ ಟೆಲಿಫೋನ್ ತಂತಿಗಳು ಸಾಲದಾದುವು. ಒಂದೊಂದು ತಂತಿಗೂ ತಿಂಗಳ ಬಾಡಿಗೆಯುಂಟು. ಸಂಜೆಯ ಹೊತ್ತು ಕರೆದವರಿಗೆ ತಂತಿಯು ಸದಾ ಕಾರ್ಯನಿರತವೆಂಬ ಸದ್ದೇ ಕೇಳಿಸುವುದು. ಬಿಟ್ಟಿ ದೊರೆಯುವ ವಸ್ತುವಿನ ವಿಷಯದಲ್ಲಿ ಮನುಷ್ಯನ ಕೋಪವು ಕೊಂಡ ವಸ್ತುವಿನ ಮೇಲಣ ಕೋಪಕ್ಕಿಂತ ತೀಕ್ಷ್ಣವಾಗಿರುವುದು ಲೋಕಾನುಭವ. ಅಂಗಡಿಯವನೊಡನೆ ವ್ಯವಹಾರ ಮುಗಿಯುತ್ತದೆ. ಸತ್ರದಲ್ಲಿ ಉಂಡವನಿಗೆ ಮಾತ್ರ ಸಾರಿನಲ್ಲಿ ಉಪ್ಪು ಕಡಮೆಯಾದುದು ಬಹುದಿನ ನೆನಪಿರುತ್ತದೆ. ಯಂತ್ರ ಕೆಟ್ಟಾಗ ಸರಿಪಡಿಸುವವರು, ಗುಪ್ತಪದವನ್ನು ಮರೆತವರಿಗೆ ದಾರಿ ತೋರಿಸುವವರು, ಹಣದ ಲೆಕ್ಕ ಬರೆಯುವವರು, ಎಲ್ಲರೂ ಬಹುಮಟ್ಟಿಗೆ ಸ್ವಯಂಸೇವಕರೇ. ಈ ಕೆಲಸವು ಒಂದು ದಿನದ ಉತ್ಸವದಂತೆ ಮುಗಿಯುವುದಲ್ಲ. ನಿತ್ಯಕರ್ಮದಂತೆ ಪ್ರತಿದಿನವೂ ಹೊಸದಾಗಿ ಮಾಡತಕ್ಕದ್ದು. ಮಾಡಿದರೆ ಕಾಣುವುದಿಲ್ಲ, ಬಿಟ್ಟರೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ಮುಂದೆ ಕ್ಲೀವ್‌ಲೆಂಡಿಗೆ ಬಂದ ಕಾಲವೇ ಒಟ್ಟಾವಕ್ಕೂ ಬಂದಿತು. ವೇಗವಾದ ಸಂಪರ್ಕವನ್ನು ವ್ಯಾಪಾರಿಗಳು ಮಾರತೊಡಗಿದೊಡನೆ ಹಳೆಯ ಮಂದಗತಿಯ ಮಾರ್ಗವನ್ನು ಜನರು ಬಿಟ್ಟರು. ಜನರು ಹೋದಂತೆ ಕಾಣಿಕೆಯೂ ಕುಗ್ಗಿತು. ಆಗ ಸದಸ್ಯರ ಮುಂದೆ ಎರಡು ದಾರಿಗಳಿದ್ದುವು: ಶುಲ್ಕವಿಲ್ಲದ ಹಳೆಯ ರೂಪವನ್ನೇ ಹಿಡಿದು ಅದರೊಡನೆ ಅಳಿಯುವುದು, ಅಥವಾ ರೂಪವನ್ನು ಬಿಟ್ಟು ಉದ್ದೇಶವನ್ನು ಉಳಿಸುವುದು. ಅವರು ಎರಡನೆಯದನ್ನು ಆರಿಸಿದರು. ಸಂಸ್ಥೆಯೇ ವೇಗದ ಸಂಪರ್ಕವನ್ನು ಸಗಟಾಗಿ ಕೊಂಡು, ಶುಲ್ಕ ತೆಗೆದುಕೊಂಡು ಸದಸ್ಯರಿಗೆ ಒದಗಿಸತೊಡಗಿತು. ಉಳಿದ ಹಣವು ಯಾವ ಪಾಲುದಾರನಿಗೂ ಹೋಗದೆ ಸಂಸ್ಥೆಯ ಕಾರ್ಯಕ್ಕೇ ವಿನಿಯೋಗವಾಯಿತು. 2023ರಲ್ಲಿ ಅದಕ್ಕೆ ಮೂವತ್ತು ವರ್ಷ ತುಂಬಿತು. ಅದರೊಡನೆ ಹುಟ್ಟಿದ ಜಾಲಗಳಲ್ಲಿ ಬಹುಪಾಲು ಅಷ್ಟು ಹೊತ್ತಿಗೆ ಹೆಸರಿಲ್ಲದಂತಾಗಿದ್ದುವು.

ಈ ವೃತ್ತಾಂತವನ್ನು ಕೇಳಿ ಪೂರ್ವಪಕ್ಷದವರು ಮೂರು ಆಕ್ಷೇಪಗಳನ್ನು ಹೇಳಬಹುದು.

ಮೊದಲನೆಯದು ಇದು: ಸಂಪರ್ಕವು ಅಂಗಡಿಯಲ್ಲಿ ಅಗ್ಗವಾಗಿ ದೊರೆಯುತ್ತಿರುವಾಗ, ಸತ್ರವನ್ನು ಉಳಿಸುವುದು ವ್ಯರ್ಥಶ್ರಮ. ಹಸಿವಿಲ್ಲದ ಊರಿನಲ್ಲಿ ಅನ್ನಸತ್ರವೇಕೆ? ಇದಕ್ಕೆ ಸಮಾಧಾನವೇನೆಂದರೆ, ಅಂಗಡಿಯಲ್ಲಿ ದೊರೆತದ್ದು ತಂತಿಯ ಸಂಪರ್ಕ. ಸತ್ರದಲ್ಲಿದ್ದುದು ಅದರ ಜೊತೆಗೆ ಮತ್ತೊಂದು: ಒಬ್ಬ ಪೌರನ ಪ್ರಶ್ನೆಗೆ ಮತ್ತೊಬ್ಬ ಪೌರನು ತನ್ನ ಹೊತ್ತನ್ನು ಕೊಟ್ಟು ಉತ್ತರಿಸುವ ರೂಢಿ, ಮತ್ತು ಈ ಚೌಕದ ಕಟ್ಟಳೆಯನ್ನು ಮಾಡುವುದರಲ್ಲಿ ತನಗೂ ಮತವುಂಟೆಂಬ ತಿಳಿವಳಿಕೆ. ಇವೆರಡಕ್ಕೂ ಅಂಗಡಿಯಲ್ಲಿ ಬೆಲೆಯಿಲ್ಲ. ಬೆಲೆಯಿಲ್ಲದ್ದರಿಂದ ಅಲ್ಲಿ ಅವು ಇರುವುದೂ ಇಲ್ಲ. ಅಲ್ಲದೆ, ಅಗ್ಗವೆಂಬುದು ಉಳ್ಳವನ ಮಾತು. ಹಣವಿಲ್ಲದವನಿಗೆ ಅಗ್ಗವೂ ದುಬಾರಿಯೇ. ಸರ್ಕಾರದ ಪತ್ರ, ಮಕ್ಕಳ ಪಾಠ, ಕೆಲಸದ ಅರ್ಜಿ ಎಲ್ಲವೂ ತಂತಿಯ ಮೂಲಕವೇ ನಡೆಯುವ ಕಾಲದಲ್ಲಿ ಬಾಗಿಲಿನ ಹೊರಗೆ ನಿಂತವನ ಹಸಿವು ಇನ್ನೂ ಹೆಚ್ಚಿನದು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಹುಟ್ಟಿದ್ದೆಲ್ಲವೂ ಸಾಯತಕ್ಕದ್ದೇ, ಸಾಯುವುದನ್ನು ಬಲಾತ್ಕಾರದಿಂದ ಹಿಡಿದಿಡುವುದು ಧರ್ಮವೇ ಅಥವಾ ಮೋಹವೇ? ಇದನ್ನು ತಳ್ಳಿಹಾಕುವಂತಿಲ್ಲ. ಸೇವಕರಲ್ಲಿ ಕೆಲವರು ಸಂಸ್ಥೆಯನ್ನು ಪ್ರೀತಿಸುತ್ತ ಪ್ರೀತಿಸುತ್ತ ಅದರ ಹಳೆಯ ಯಂತ್ರವನ್ನೂ ಹಳೆಯ ಪದ್ಧತಿಯನ್ನೂ, ಕೊನೆಗೆ ಅದರಲ್ಲಿ ತಾವು ಕುಳಿತಿದ್ದ ಪೀಠವನ್ನೂ ಪ್ರೀತಿಸತೊಡಗುತ್ತಾರೆ. ನನ್ನದೆಂಬ ಭಾವವು ತ್ಯಾಗದ ವೇಷದಲ್ಲಿ ಬಂದಾಗ ಅದನ್ನು ಗುರುತಿಸುವುದು ಕಷ್ಟ. ಧರ್ಮದರ್ಶಿಯು ಮುಪ್ಪಿನಲ್ಲಿ ದೇವಸ್ಥಾನದ ಬೀಗದಕೈಯನ್ನು ಬಿಟ್ಟುಕೊಡಲಾರದೆ ಒದ್ದಾಡುವುದು ಎಲ್ಲ ಊರುಗಳಲ್ಲಿಯೂ ಕಂಡದ್ದೇ. ಆದರೆ ಜೀರ್ಣೋದ್ಧಾರವೆಂಬ ಶಬ್ದವೇ ಇದಕ್ಕೆ ಉತ್ತರವನ್ನು ಕೊಡುತ್ತದೆ. ಉದ್ಧರಿಸತಕ್ಕದ್ದು ಜೀರ್ಣತೆಯನ್ನಲ್ಲ. ಗುಡಿಯ ಕೊಳೆತ ತೊಲೆಯನ್ನು ತೆಗೆದು ಹೊಸ ತೊಲೆಯನ್ನು ಇಟ್ಟರೆ ಗುಡಿಯು ಬೇರೆಯಾಗುವುದಿಲ್ಲ. ಒಟ್ಟಾವದವರು ತಂತಿಯನ್ನೂ ಯಂತ್ರವನ್ನೂ, ಬಿಟ್ಟಿಯೆಂಬ ಮೊದಲಿನ ಹೆಮ್ಮೆಯನ್ನೂ ಬದಲಾಯಿಸಿದರು. ಸದಸ್ಯರೇ ಒಡೆಯರೆಂಬುದನ್ನು ಬದಲಾಯಿಸಲಿಲ್ಲ. ಯಾವುದನ್ನು ತೆಗೆದರೆ ವಸ್ತುವು ಅದೇ ಆಗಿ ಉಳಿಯುವುದಿಲ್ಲವೋ ಅದೇ ಅದರ ಪ್ರಾಣ; ಸೇವಕನ ವಿವೇಕವಿರುವುದು ಆ ಪ್ರಾಣವನ್ನು ಗುರುತಿಸುವುದರಲ್ಲಿ. ಹಾಗೆ ಗುರುತಿಸಿದ ಮೇಲೂ ಪ್ರಾಣವು ಹೋಗಿಯೇಬಿಟ್ಟಿದೆಯೆಂದು ಕಂಡರೆ, ಗೌರವದಿಂದ ಸಂಸ್ಕಾರ ಮಾಡುವುದೂ ಧರ್ಮವೇ. ಆಮ್‌ಸ್ಟರ್‌ಡಾಮಿನಲ್ಲಿ 1996ರ ಜನವರಿಯಲ್ಲಿ ನಗರಿಯ ಇಡೀ ಪ್ರತಿಯೊಂದನ್ನು ಟೇಪುಗಳ ಮೇಲೆ ತೆಗೆದಿಟ್ಟಿದ್ದರು. ನಗರಿಯು ಅಳಿದು ಹತ್ತು ವರ್ಷಗಳಾದ ಮೇಲೆ ಅಲ್ಲಿನ ನಗರವಸ್ತುಸಂಗ್ರಹಾಲಯದವರೂ ಹಳೆಯ ನಿವಾಸಿಗಳೂ ಕೂಡಿ, ಅಂಥ ಅವಶೇಷಗಳನ್ನು ಹುಡುಕಿ, ಹಾಳೂರನ್ನು ಅಗೆದಂತೆ ಅಗೆದು, ಹಳೆಯ ಚೌಕಗಳನ್ನು ಮತ್ತೆ ಕಾಣುವಂತೆ ಮಾಡಲು ತೊಡಗಿದರು. ಅದು ಜೀವದಾನವಲ್ಲ; ಶ್ರಾದ್ಧದಂತೆ ಋಣಸ್ಮರಣೆ.

ಮೂರನೆಯ ಆಕ್ಷೇಪ: ಸಾವಿರಾರು ಮಂದಿ ಉಣ್ಣುವುದಕ್ಕೆ ಕೆಲವರೇ ಏಕೆ ಬೇಯಿಸಬೇಕು? ಇದು ಸೇವಕರ ಮನೆಯವರು ಕೇಳುವ ಪ್ರಶ್ನೆ. ಆದಕಾರಣ ಇದನ್ನು ಲಘುವಾಗಿ ಎಣಿಸಬಾರದು. ರಾತ್ರಿ ಹತ್ತು ಗಂಟೆಯ ಮೇಲೆ ಯಾರದೋ ಯಂತ್ರದ ತೊಡಕನ್ನು ಬಿಡಿಸುತ್ತ ಕುಳಿತವನ ಹೆಂಡತಿಮಕ್ಕಳಿಗೂ ಆ ಹೊತ್ತಿನಲ್ಲಿ ಒಂದು ಪಾಲುಂಟು. ಫಲಾಪೇಕ್ಷೆಯಿಲ್ಲದೆ ಕರ್ಮವನ್ನು ಮಾಡೆಂಬ ಉಪದೇಶವು ಮಾಡುವವನಿಗೆ ಹೇಳಿದ್ದು. ಮಾಡಿಸಿಕೊಳ್ಳುವವನು ಅದನ್ನೇ ಎತ್ತಿ ಹೇಳಿದರೆ ಅದು ಉಪದೇಶವಾಗದೆ ವಂಚನೆಯಾಗುತ್ತದೆ. ಸೇವಕನು ಪ್ರತಿಫಲವನ್ನು ಬಯಸದಿರುವುದು ಅವನ ಧರ್ಮ. ಅವನ ಶ್ರಮವನ್ನು ಬಿಟ್ಟಿಯೆಂದು ಎಣಿಸದಿರುವುದು ಉಂಡವನ ಧರ್ಮ. ಜಗತ್ತಿನಲ್ಲಿ ಬಿಟ್ಟಿಯೆಂಬುದು ಇಲ್ಲವೇ ಇಲ್ಲ. ತಾನು ಕೊಡದಿದ್ದಲ್ಲಿ ಮತ್ತಾರೋ ಕೊಟ್ಟಿದ್ದಾರೆಂಬುದಷ್ಟೇ ಅದರ ಅರ್ಥ. ಒಟ್ಟಾವದವರು ಶುಲ್ಕವನ್ನು ಕೇಳಿದಾಗ ಮೊದಲಿನ ಪ್ರತಿಜ್ಞೆ ಮುರಿಯಿತೆಂದು ಕೆಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ವಿಚಾರಿಸಿ ನೋಡಿದರೆ ಅಲ್ಲಿ ಮುರಿದದ್ದು ಭ್ರಾಂತಿ. ಊರ ಬಾವಿಯ ನೀರಿಗೆ ಬೆಲೆಯಿಲ್ಲ. ಆದರೆ ಹಗ್ಗವು ಸವೆಯುತ್ತದೆ. ಹಗ್ಗದ ಹಣವನ್ನು ಸಂಕೋಚವಿಲ್ಲದೆ ಕೇಳುವುದೂ, ಅದನ್ನು ಕೊಡಲಾರದವನಿಗೆ ಕೇಳದೆ ನೀರು ಸೇದಿಕೊಡುವುದೂ, ಎರಡೂ ಕೂಡಿದರೆ ಬಾವಿಯು ಉಳಿಯುತ್ತದೆ. ಒಂದನ್ನೇ ಹಿಡಿದರೆ ಅದು ಅಂಗಡಿಯಾಗುತ್ತದೆ, ಇಲ್ಲವೆ ಪಾಳುಬೀಳುತ್ತದೆ.

ಇಂತಿರಲು ಸಿದ್ಧಾಂತವೇನು? ಮೂರು ನಗರಗಳಲ್ಲಿಯೂ ಸೇವಕರ ಶ್ರದ್ಧೆಯು ಸಮಾನವಾಗಿತ್ತು, ಫಲವು ಸಮಾನವಾಗಲಿಲ್ಲ. ಭೇದಕ್ಕೆ ಮುಖ್ಯ ಕಾರಣವು ಕೊನೆಯ ದಿನಗಳ ಹೋರಾಟದಲ್ಲಿ ಇರಲಿಲ್ಲ. ಮೊದಲ ದಿನದ ಸಂಕಲ್ಪದಲ್ಲಿತ್ತು. ಎಲ್ಲರದೆಂದು ಬಾಯಲ್ಲಿ ಹೇಳಿ ಒಬ್ಬನ ಕೈಯಲ್ಲಿಟ್ಟ ವಸ್ತುವನ್ನು, ಆ ಕೈ ಸೋತಾಗ, ಎಲ್ಲರೂ ಕೂಡಿದರೂ ಹಿಡಿಯಲಾಗುವುದಿಲ್ಲ. ನಿಜವಾಗಿ ಎಲ್ಲರಿಗೂ ಬಿಟ್ಟುಕೊಟ್ಟ ವಸ್ತುವನ್ನು ಕೆಲವರಾದರೂ ಹಿಡಿದು ನಿಲ್ಲಿಸಬಹುದು. ಏಕೆಂದರೆ ಹಿಡಿಯುವ ಅಧಿಕಾರವು ಅವರಿಗೆ ಇರುತ್ತದೆ. ಆದುದರಿಂದ ಸಾರ್ವಜನಿಕ ಕಾರ್ಯವನ್ನು ಕೈಕೊಳ್ಳುವವರು ಮೊದಲು ಮಾಡತಕ್ಕದ್ದು ಉತ್ಸರ್ಗ. ಅದಾದ ಮೇಲೆ ಪಾಲನೆಯು ಉಂಡವರೆಲ್ಲರ ಋಣ; ಅದನ್ನು ಹೆಚ್ಚಾಗಿ ತೀರಿಸುವ ಕೆಲವರನ್ನು ಸ್ವಯಂಸೇವಕರೆಂದು ಲೋಕವು ಕರೆಯುತ್ತದೆ.

ಓದುವ ಕೋಣೆ, ಸಂಗೀತಸಭೆ, ವಿದ್ಯಾರ್ಥಿನಿಲಯ, ಸಾಹಿತ್ಯಸಂಘ ಮೊದಲಾದವು ಇಲ್ಲದ ಊರಿಲ್ಲ. ಅವುಗಳ ಬಾಗಿಲನ್ನು ಸಂಜೆ ತೆರೆದು ದೀಪ ಹಚ್ಚುವವರು ಯಾರು, ಅವರ ಬಳಿಕ ಬೀಗದಕೈ ಯಾರ ಕೈಸೇರುವುದು ಎಂಬುದನ್ನು ಒಳಗೆ ಕುಳಿತವರಲ್ಲಿ ಎಷ್ಟು ಮಂದಿ ಬಲ್ಲರು? ದೂರದ ಒಟ್ಟಾವದ ಗೃಹಸ್ಥರು ಆ ಪ್ರಶ್ನೆಯನ್ನು ದೀಪವು ಆರುವುದಕ್ಕೆ ಮುಂಚೆಯೇ ಕೇಳಿಕೊಂಡರು.